ಮಾತ್ರೆಯ ಮೇಲೆ ಹೊರಿಸಿದ್ದು

ಕಂಪನಿಯ ವ್ಯಾನು ಬೆಳಿಗ್ಗೆ ಏಳಕ್ಕೆ ಗರುಡಾಚಾರ್‌ಪಾಳ್ಯದ ಬೇಕರಿ ಮುಂದೆ ಬಂದು ನಿಲ್ಲುತ್ತಿತ್ತು. ಆರೂಮುಕ್ಕಾಲಿಗೆ ಶ್ವೇತ ತಲೆ ಬಾಚಿಕೊಳ್ಳುತ್ತಿದ್ದಾಗ ಬಚ್ಚಲಿನ ಕಡೆಯಿಂದ ಅಪ್ಪ ಗದರಿದ್ದು ಕೇಳಿತು. ಹಿಂದೆಯೇ ಹಿತ್ತಾಳೆ ಚೊಂಬು ಯಾವುದಕ್ಕೋ ಬಡಿದು ನೆಲಕ್ಕುರುಳಿದ ಸದ್ದು. ನೀರು ಸರಿಯಾಗಿ ಕಾದಿರಲಿಲ್ಲ, ಅಷ್ಟೇ.

ಅಮ್ಮ ಪಟಾಲಮ್ಮ ಕೂಗಲಿಲ್ಲ. ಚೊಂಬನ್ನು ಎತ್ತಿಟ್ಟು, ಮೊಣಕೈ ಹಿಡಿದುಕೊಂಡು ಅಡುಗೆಮನೆಗೆ ಬಂದು ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿದಳು. ಡಬ್ಬಿ ಮುಚ್ಚುವಷ್ಟರಲ್ಲಿ ಏಟು ಬಿದ್ದ ಜಾಗ ಊದಿಕೊಂಡು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅಪ್ಪ ಮುನಿಆಂಜನಪ್ಪ ಮುಖ ಒರೆಸುತ್ತಾ ಬಂದವನು ಅದನ್ನು ನೋಡಿ ಮರುಕಪಟ್ಟ. "ಹಾಳಾದ್ ಮಾತ್ರೆ. ಸುಮ್ನೆ ತಾಗಿದ್ರೆ ಸಾಕು, ಮೈಯೆಲ್ಲ ಕಪ್ಪಾಗ್ಬಿಡುತ್ತೆ. ಇದಕ್ಕಿಂತ ಒಳ್ಳೆ ಮಾತ್ರೆ ಯಾವ್ದೂ ಬಂದಿಲ್ವೇನಮ್ಮ, ಶ್ವೇತಾ?"

ಶ್ವೇತ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮಾತ್ರೆಯ ಮೇಲೆ ಮೊದಲು ತಪ್ಪು ಹೊರಿಸಿದವಳು ಅವಳೇ.

ಆರು ವರ್ಷದ ಹಿಂದಿನ ಮಾತು. ಪಟಾಲಮ್ಮನ ಹೃದಯದ ಕವಾಟ ಕೆಟ್ಟು, ಆಪರೇಷನ್ ಮಾಡಿ ಲೋಹದ ಕವಾಟ ಕೂಡಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಜೀವನಪೂರ್ತಿ ಒಂದು ಮಾತ್ರೆ ನುಂಗಬೇಕಿತ್ತು. ಮೂರನೇ ತಿಂಗಳು ತೋರಿಸಲು ಹೋದಾಗ ಡಾಕ್ಟರ್ ಲತೀಫ್ ಅವಳ ಬೆನ್ನ ಮೇಲಿನ ಅಗಲ ಕಲೆ ನೋಡಿ, "ಇದೇನಮ್ಮ?" ಎಂದು ಕೇಳಿದರು. ಅಪ್ಪ ಕಿಟಕಿ ಕಡೆ ತಿರುಗಿದ. ಅಮ್ಮ ಸೆರಗು ಎಳೆದುಕೊಂಡಳು. ಆಗ ಬಿ.ಫಾರ್ಮಾ ಎರಡನೇ ವರ್ಷದಲ್ಲಿದ್ದ ಶ್ವೇತ, ಆ ಮೌನ ತಡೆಯಲಾರದೆ, "ರಕ್ತ ತೆಳುವಾಗೋ ಮಾತ್ರೆ ಅಲ್ವಾ ಸರ್, ಅದಕ್ಕೇ ಇರ್ಬೇಕು" ಎಂದುಬಿಟ್ಟಳು. ಮಾತ್ರೆಯಿಂದ ಹಾಗಾಗುವುದು ಉಂಟು. ಡಾಕ್ಟರು ತಲೆಯಾಡಿಸಿ ಡೋಸು ಇಳಿಸಿದರು. ಮನೆಗೆ ಬರುವಾಗ ಅಪ್ಪ ದಾರಿಯಲ್ಲಿ ಬೈಕು ನಿಲ್ಲಿಸಿ ಮೈಸೂರ್‌ಪಾಕ್ ಕೊಡಿಸಿದ. "ನಿನ್ನ ಓದಿಸಿದ್ದೂ ಸಾರ್ಥಕ ಆಯ್ತು" ಎಂದ.

ಆಮೇಲೆ ಪ್ರತಿ ಸಲವೂ ಅದೇ ಉತ್ತರ. ಬೆಲ್ಟಿನ ಏಟಿಗೂ ಅದೇ, ಗೋಡೆಗೆ ನೂಕಿದ್ದಕ್ಕೂ ಅದೇ. ಬರಬರುತ್ತಾ ಮುನಿಆಂಜನಪ್ಪನೇ ಅದನ್ನು ನಂಬಿಬಿಟ್ಟಿದ್ದ. ತನ್ನ ಕೈ ಅಷ್ಟೇನೂ ಜೋರಾಗಿ ಬೀಳುವುದಿಲ್ಲ, ತಪ್ಪೆಲ್ಲ ಮಾತ್ರೆಯದು.

ಓದು ಮುಗಿಸಿದ ಶ್ವೇತಳಿಗೆ ಕೆಲಸ ಸಿಕ್ಕಿದ್ದೂ ಅಂಥದ್ದೇ ಜಾಗದಲ್ಲಿ. ಇಂದಿರಾನಗರದ ಆ ಆಫೀಸಿನಲ್ಲಿ ಔಷಧಿಗಳಿಂದ ಜನಕ್ಕೆ ಏನೇನು ತೊಂದರೆಯಾಯಿತು ಎಂಬ ವರದಿಗಳನ್ನು ಪರಿಶೀಲಿಸುತ್ತಿದ್ದರು. ಹೆಸರಿಲ್ಲದ ರೋಗಿಗಳು: ವಯಸ್ಸು, ಗಂಡೋ ಹೆಣ್ಣೋ, ಯಾವ ಔಷಧ, ಏನಾಯಿತು. ಕೊನೆಗೆ ಒಂದು ಪ್ರಶ್ನೆ, ಇದಕ್ಕೆ ಬೇರೆ ಕಾರಣವಿರಬಹುದೇ? ಕೆಲಸ ಕಲಿಸಿದ ಮೋನಿಷಾ ಮೊದಲ ವಾರವೇ ಹೇಳಿದ್ದಳು: "ಆ ಜಾಗ ಖಾಲಿ ಬಿಡಬೇಡ ಮಗಾ. ಗೊತ್ತಿದ್ದೂ ಖಾಲಿ ಬಿಟ್ರೆ ನಾಳೆ ಇನ್ನೊಬ್ಬ ಡಾಕ್ಟ್ರು ಅದನ್ನ ನಂಬ್ಕೊಂಡು ಇನ್ನೊಬ್ಬ ಪೇಷೆಂಟ್‌ನ ಸಾಯಿಸ್ತಾರೆ." ಎರಡೇ ವರ್ಷದಲ್ಲಿ ಶ್ವೇತ ಪರಿಶೀಲಿಸಿದ ವರದಿಯನ್ನು ಯಾರೂ ಮತ್ತೆ ತಿದ್ದಬೇಕಿಲ್ಲ ಎಂಬ ಹೆಸರು ಬಂದಿತ್ತು.

ಚೊಂಬು ಬಿದ್ದ ಮುಂದಿನ ವಾರ ಪಟಾಲಮ್ಮ ಮುದ್ದೆ ತಿರುವುತ್ತಿದ್ದಾಗ ಕೋಲು ಕೈಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಮಾತು ತೊದಲಿತು. ಶಿವಾಜಿನಗರದ ನರ್ಸಿಂಗ್ ಹೋಮಿಗೆ ಕರೆದೊಯ್ಯುವಷ್ಟರಲ್ಲಿ ಮಾತು ಸರಿಹೋಗಿತ್ತು. ಆದರೆ ಡಾಕ್ಟರ್ ಲತೀಫ್ ಸ್ಕ್ಯಾನ್ ನೋಡಿದವರೇ ಕನ್ನಡಕ ತೆಗೆದಿಟ್ಟರು.

"ಕವಾಟದ ಮೇಲೆ ಹೆಪ್ಪುಗಟ್ಟಿದೆ. ಅದರ ಚೂರು ಮೆದುಳಿಗೆ ಹೋಗಿತ್ತು. ಈ ಸಲ ಕರಗಿದೆ, ಮುಂದಿನ ಸಲ ಹೇಳಕ್ಕಾಗಲ್ಲ. ಕಲೆ ಬೀಳುತ್ತೆ ಅಂತ ನಾನೇ ಮೂರು ಸಲ ಡೋಸ್ ಇಳಿಸಿದೆ. ರಕ್ತಪರೀಕ್ಷೇಲಿ ರಕ್ತ ಒಂದು ಸಲಾನೂ ಜಾಸ್ತಿ ತೆಳುವಾಗಿ ಬಂದಿಲ್ಲ, ಆದ್ರೂ ಮೈತುಂಬ ಕಲೆ. ಇಪ್ಪತ್ತು ವರ್ಷದಲ್ಲಿ ಇಂಥ ಕೇಸ್ ನೋಡಿಲ್ಲ." ಅವರು ಡ್ರಾಯರಿನಿಂದ ಔಷಧಿಯ ತೊಂದರೆ ವರದಿ ಮಾಡುವ ಒಂದು ಫಾರಂ ತೆಗೆದು ಶ್ವೇತಳ ಕೈಗೆ ಕೊಟ್ಟರು. "ನೀನು ಇದೇ ಲೈನಲ್ಲಿ ಇದೀಯಲ್ಲಮ್ಮ. ನೀನೇ ಬರೆದು ಕೊಡು, ನಾನು ಸೈನ್ ಹಾಕ್ತೀನಿ."

ಆ ಫಾರಂ ಶ್ವೇತಳ ಬ್ಯಾಗಿನಲ್ಲಿ ನಾಲ್ಕು ದಿನ ಇತ್ತು. ಅಮ್ಮನ ಹೆಪ್ಪುಗಟ್ಟಿದ ರಕ್ತಕ್ಕೆ ತಾನೇ ಕಾರಣ ಎಂಬುದು ಅವಳಿಗೆ ಹೊಳೆದಿತ್ತು. ಅಪ್ಪನ ಕೈ ಹೊಡೆಯಿತು. ಹೊಡೆತದ ಕಲೆಯನ್ನು ಮಾತ್ರೆಯದೆಂದು ಹೇಳಿ ಮದ್ದು ಕಡಿಮೆ ಮಾಡಿಸಿದ್ದು ಮಾತ್ರ ತನ್ನ ನಾಲಿಗೆ.

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅವಳು ಫಾರಂ ತಂದು ಅಪ್ಪನ ಮುಂದೆ ಇಟ್ಟಳು.

"ಅಪ್ಪ, ಕಲೆ ಮಾತ್ರೆಯಿಂದ ಅಂತ ನಾನು ಬರೆಯಲ್ಲ. ನೀನು ಹೊಡೀತೀಯ ಅಂತ ಡಾಕ್ಟ್ರಿಗೆ ಹೇಳ್ತೀನಿ."

ಮುನಿಆಂಜನಪ್ಪ ಫಾರಂ ಕೈಗೆತ್ತಿಕೊಂಡ. ಮೊದಲಿಗೆ ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಆಪರೇಷನ್‌ಗೆ ಅಂತ ರಸ್ತೆ ಪಕ್ಕದ ಜಾಗ ಮಾರ್ದೋನು ಯಾರು? ಹದಿನೆಂಟು ದಿನ ಆಸ್ಪತ್ರೆ ಬೆಂಚ್ ಮೇಲೆ ಮಲಗಿದ್ದೋನು ಯಾರು? ನಮ್ಮಪ್ಪ ನಮ್ಮಮ್ಮಂಗೆ ಒಂದು ಮಾತ್ರೇನೂ ತಂದ್ಕೊಟ್ಟಿಲ್ಲ, ಹೊಡೆದದ್ದು ಮಾತ್ರ ಊರೆಲ್ಲ ನೋಡಿದೆ. ನಾನು ಹಂಗಿದೀನಾ?"

"ನೀನು ಆಸ್ಪತ್ರೇಲಿ ಮಲಗಿದ್ದು ಸುಳ್ಳಲ್ಲ. ಇದೂ ಸುಳ್ಳಲ್ಲ."

"ನಮ್ಮನೆ ಬಾಡಿಗೆಯವ್ರ ಮುಂದೆ, ನೆಂಟರ ಮುಂದೆ ನನ್ನ ಮಾನ ತೆಗೀತೀಯಾ?"

"ಅಮ್ಮ ಸತ್ತೋಗ್ತಾಳೆ ಅಪ್ಪ."

ಅವನು ಫಾರಂ ಹರಿದು ಎಸೆದ. ಶ್ವೇತ ಚೂರುಗಳನ್ನು ಆರಿಸಲು ಬಗ್ಗಿದಾಗ ಜಡೆ ಹಿಡಿದು ಎತ್ತಿ ಕೆನ್ನೆಗೆ ಬಾರಿಸಿದ. ಅವಳು ಬಾಗಿಲಿನ ಚೌಕಟ್ಟಿಗೆ ಬಡಿದಳು, ತುಟಿ ಒಡೆದು ಬಾಯಿಗೆ ರಕ್ತ ಬಂತು. ಅವನು ಮೂಲೆಯಲ್ಲಿದ್ದ ಮರದ ಸ್ಟೂಲು ಎತ್ತಿದ್ದನ್ನು ಕಂಡ ಪಟಾಲಮ್ಮ ಅಡುಗೆಮನೆಯಿಂದ ಓಡಿಬಂದು ಮಗಳ ಮೇಲೆ ಬಿದ್ದು ತಬ್ಬಿಕೊಂಡಳು. ಸ್ಟೂಲಿನ ಅಂಚು ಅವಳ ತಲೆಯ ಹಿಂಭಾಗಕ್ಕೆ ಬಿತ್ತು.

ರಕ್ತ ನಿಲ್ಲಲೇ ಇಲ್ಲ. ಶ್ವೇತ ಟವೆಲು ಒತ್ತಿ ಹಿಡಿದಳು. ಒಂದು ಟವೆಲು ತೊಯ್ದು ಇನ್ನೊಂದು ತೊಯ್ಯಿತು. ಮುನಿಆಂಜನಪ್ಪ ಸ್ಟೂಲು ಕೆಳಗಿಟ್ಟು, ಏನೂ ತೋಚದವನಂತೆ ನಿಂತಿದ್ದವನು ಹೋಗಿ ಆಟೋ ಕರೆತಂದ. ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ನಿಂತಲ್ಲೇ ನಿಂತಿದ್ದವು. ಅವನು ಕೆಳಗಿಳಿದು, ಎದುರಿಗಿದ್ದ ಲಾರಿಯವನಿಗೆ ಕೈಮುಗಿದು ದಾರಿ ಬಿಡಿಸಿದ. ಅಮ್ಮನ ತಲೆ ಶ್ವೇತಳ ತೊಡೆಯ ಮೇಲಿತ್ತು. ಹಲಸೂರು ದಾಟುವ ಹೊತ್ತಿಗೆ ಅಮ್ಮ ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

ಡಾಕ್ಟರ್ ಲತೀಫ್ ಕೈಗವಸು ಹಾಕಿಕೊಳ್ಳುತ್ತಲೇ ಕೇಳಿದರು, "ಏನಾಯ್ತು?"

"ಬಚ್ಚಲಲ್ಲಿ ಜಾರಿಬಿದ್ಲು ಸಾರ್," ಎಂದ ಮುನಿಆಂಜನಪ್ಪ. "ಮಾತ್ರೆ ಬೇರೆ ತಗೋತಾಳಲ್ಲ, ಅದಕ್ಕೇ ರಕ್ತ..." ಎಂದು ಮಗಳ ಕಡೆ ನೋಡಿದ.

ಶ್ವೇತ ಒಡೆದ ತುಟಿಯನ್ನು ಅಂಗೈಯಿಂದ ಒರೆಸಿಕೊಂಡಳು. "ಜಾರಿ ಬಿದ್ದಿಲ್ಲ ಸರ್. ಅಪ್ಪ ಸ್ಟೂಲಲ್ಲಿ ಹೊಡೆದ. ಇವತ್ತೊಂದೇ ದಿನ ಅಲ್ಲ. ಆರು ವರ್ಷದಿಂದ ನೀವು ನೋಡಿದ ಕಲೆ ಎಲ್ಲಾ ಏಟಿನವು. ಮಾತ್ರೆಯಿಂದ ಅಂತ ನಿಮಗೆ ಸುಳ್ಳು ಹೇಳಿದ್ದು ನಾನು."

ಪಟಾಲಮ್ಮ ಕಣ್ಣು ಬಿಟ್ಟು, ತಡೆದು ತಡೆದು, ಎಡಗೈಯನ್ನು ಬೆಳಕಿಗೆ ಚಾಚಿದಳು. "ಇದು ಚೊಂಬು ಸಾರ್. ಹೋದ್ ವಾರದ ಹಿಂದಿನದು." ಬೆರಳು ಭುಜಕ್ಕೆ ಏರಿತು. "ಇದು ಬೆಲ್ಟು, ಶಿವರಾತ್ರಿ ಮಾರನೇ ದಿನ. ಇಲ್ಲಿ ಪಕ್ಕೆಗೆ ಕಾಲಲ್ಲಿ ಒದ್ದಿದ್ದು. ಅದು ಉಗಾದಿ ಟೈಮಲ್ಲಿ." ಗಂಡ ಪಕ್ಕದಲ್ಲೇ ನಿಂತಿದ್ದ. ಅವಳು ಅವನ ಕಡೆ ನೋಡಲಿಲ್ಲ, ದನಿ ಏರಿಸಲೂ ಇಲ್ಲ.

ಡಾಕ್ಟರು ಮುನಿಆಂಜನಪ್ಪನಿಗೆ, "ನೀವು ಹೊರಗೆ ಕೂತ್ಕೊಳ್ಳಿ. ಇದನ್ನ ನಾನು ಪೊಲೀಸ್‌ನವರಿಗೆ ತಿಳಿಸಲೇಬೇಕು" ಎಂದರು. ಅವನು ಹೊರಗೆ ಹೋದ.

ತಲೆಯೊಳಗೆ ಸ್ವಲ್ಪ ರಕ್ತ ಸೋರಿತ್ತು. ಮಾತ್ರೆ ನಿಲ್ಲಿಸಿದರೆ ಕವಾಟಕ್ಕೆ ಅಪಾಯ, ಕೊಟ್ಟರೆ ಮೆದುಳಿಗೆ ಅಪಾಯ. ಹದಿನೇಳು ದಿನ ಡಾಕ್ಟರ್ ಲತೀಫ್ ದಿನಕ್ಕೆ ಮೂರು ಸಲ ಬಂದು ನೋಡಿದರು. ಪೊಲೀಸರು ಪಟಾಲಮ್ಮನ ಹೇಳಿಕೆ ಬರೆದುಕೊಂಡು ಹೋದರು. ನೆಂಟರು ಬಂದು, ವಯಸ್ಸಾದ ಮೇಲೆ ಇದೆಲ್ಲ ಏಕೆ, ಸಹಿ ಹಾಕಿ ದೂರು ವಾಪಸ್ ತಗೋ ಎಂದರು. ಅವಳು ಎಲ್ಲರಿಗೂ ಕಿತ್ತಳೆ ಹಣ್ಣು ಬಿಡಿಸಿ ಕೊಟ್ಟಳು, ಸಹಿ ಮಾತ್ರ ಹಾಕಲಿಲ್ಲ. ಆಸ್ಪತ್ರೆಯಿಂದ ನೇರವಾಗಿ, ಶ್ವೇತ ಹಲಸೂರಿನಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ಕೋಣೆಯ ಮನೆಗೆ ಬಂದಳು.

ಮುನಿಆಂಜನಪ್ಪ ಜಾಮೀನಿನ ಮೇಲೆ ಹೊರಬಂದು ಒಂದು ಸಲ ಆ ಮನೆಯ ಬೀದಿಗೆ ಬಂದಿದ್ದ. ಮೆಟ್ಟಿಲ ಮೇಲೆ ನಿಂತು, "ನಾನು ಹೊಡೀತಿದ್ದೆ ಅಂತ ಕೋರ್ಟಲ್ಲಿ ಒಪ್ಕೋತೀನಿ. ಲಾಯರ್ ಒಪ್ಕೋಬೇಡ ಅಂದ. ಒಪ್ಕೋತೀನಿ" ಎಂದ. ಪಟಾಲಮ್ಮ ಕಿಟಕಿಯಿಂದಲೇ, "ಒಪ್ಕೊಳ್ಳಿ" ಎಂದಳು. ಬಾಗಿಲು ತೆಗೆಯಲಿಲ್ಲ. ಆ ಮಳೆಗಾಲದ ಹೊತ್ತಿಗೆ ಡೋಸು ಮೊದಲಿನಷ್ಟಕ್ಕೇ ಏರಿತು. ಮೈಮೇಲೆ ಒಂದು ಕಲೆಯೂ ಬೀಳಲಿಲ್ಲ.

ಶ್ವೇತಳಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿ, ಊರಿನ ಆಸ್ಪತ್ರೆಗಳಿಂದ ಬರುವ ವರದಿಗಳ ಹೊಣೆ ಬಂತು. ಒಂದು ದಿನ ಕೆ.ಆರ್. ಪುರಂನಿಂದ ಒಂದು ವರದಿ ಬಂತು. ಮೂವತ್ತೊಂದು ವರ್ಷದ ಹೆಂಗಸು, ಫಿಟ್ಸ್ ಮಾತ್ರೆ, ತಲೆಸುತ್ತಿ ಬಿದ್ದು ಪಕ್ಕೆಲುಬು ಮುರಿತ. ನಾಲ್ಕು ತಿಂಗಳಲ್ಲಿ ಎರಡನೇ ಸಲ. ಶ್ವೇತ ವರದಿ ಕಳಿಸಿದ ಆಸ್ಪತ್ರೆಯವರಿಂದ ನಂಬರು ಪಡೆದು ಆ ಹೆಂಗಸಿಗೇ ಫೋನ್ ಮಾಡಿದಳು. ಹೆಂಗಸು ತಾನು ಬಿದ್ದದ್ದನ್ನು ಬಾಯಿಪಾಠ ಮಾಡಿದವಳಂತೆ ಒಪ್ಪಿಸಿದಳು.

"ಸರಿ ಅಮ್ಮ," ಎಂದಳು ಶ್ವೇತ. "ಈಗ ನಾನು ಕೇಳೋದಕ್ಕೆ ಹೌದು, ಇಲ್ಲ ಅಷ್ಟೇ ಹೇಳಿ. ನಿಮ್ಮ ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಹೌದು ಮೇಡಂ."

"ನೀವು ಒಬ್ಬರೇ ಇರೋ ಹೊತ್ತಿಗೆ ನಾನು ಫೋನ್ ಮಾಡಲಾ?"

"ಹೌದು ಮೇಡಂ." ಆಮೇಲೆ ಆ ಹೆಂಗಸು, ಪಕ್ಕದವರಿಗೂ ಕೇಳಿಸಲಿ ಎಂಬಂತೆ ದನಿ ಏರಿಸಿ ಹೇಳಿದಳು: "ಆ ಮಾತ್ರೇನ ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ತಗೋತೀನಿ. ಮರೆಯಲ್ಲ."