ತಿಕೋಟಾದ ನೀಲಿ ಗೋಡೆ

"ಗಾಡಿ ನಿಂದರಸ್ರಿ," ಎಂದು ಸುವರ್ಣಾ ಡ್ರೈವರನ ಹಿಂದಿನ ತಗಡನ್ನು ಬಡಿದಳು. ಟೆಂಪೋದಲ್ಲಿ, ಅವಳ ಮೊಣಕಾಲಿಗೆ ತಾಗಿದಂತೆ, ಗಂಡ ಮಲ್ಲಿನಾಥನ ಹೆಣವಿತ್ತು. ವಿಜಯಪುರದ ಜೋರಾಪುರ ಪೇಟೆಯಿಂದ ಅವನ ಹುಟ್ಟೂರು ಘೋಣಸಗಿಗೆ ಮಣ್ಣು ಮಾಡಲು ಒಯ್ಯುತ್ತಿದ್ದರು. ತಿಕೋಟಾ ಬಂದಿತ್ತು.

"ವೈನಿ, ಹೊತ್ತ ಮುಳುಗೂದ್ರಾಗ ಮಣ್ಣ ಆಗಬೇಕ," ಎಂದ ಮೈದುನ ರಾಮಲಿಂಗ. "ಊರಾಗ ಮಂದಿ ಕಾಯಾಕತ್ತಾರ."

"ನಿಮ್ಮಣ್ಣ ಜೀವಮಾನ ಎಲ್ಲಾ ಮಾಡಿದ್ದರಾಗ ಇಲ್ಲಿ ಗ್ವಾಡಿ ಒಂದ ಉಳದೈತಿ. ಅವರಿಗೆ ತೋರಿಸಿ ಒಯ್ಯೂಣು."

ಎದುರಿಗೆ ಕುಳಿತಿದ್ದ ವೆಲ್ಡರ್ ಮಹಮ್ಮದ ತಲೆ ತಗ್ಗಿಸಿದ. ಮಲ್ಲಿನಾಥನ ಗಾಜಿನ ಕೆಲಸಕ್ಕೆ ಕಬ್ಬಿಣದ ಚೌಕಟ್ಟುಗಳನ್ನೆಲ್ಲ ಬೆಸೆದವನು ಅವನೇ. "ಬ್ಯಾಡ್ರಿ ವೈನಿ," ಎಂದ ಮೆಲ್ಲಗೆ.

*

ಬಣ್ಣದ ಗಾಜು ಜೋಡಿಸಿ ಮಾಡಿದ ಆಕೃತಿಗಳನ್ನು, ಹಿಂದೆ ದೀಪವಿಟ್ಟು, ಮಲ್ಲಿನಾಥ ಸರ್ಕಲ್‌ಗಳಲ್ಲಿ ನಿಲ್ಲಿಸುತ್ತಿದ್ದ. ವಿಜಯಪುರದ ಜೋಳದ ತೆನೆ ರಸ್ತೆ ಅಗಲವಾದಾಗ ಹೋಯಿತು. ಬಬಲೇಶ್ವರದ ನವಿಲಿಗೆ ಲಾರಿ ಗುದ್ದಿತು. ಅಂದು ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದವನು ಎರಡು ದಿನ ಉಣ್ಣಲಿಲ್ಲ.

ತಿಕೋಟಾ ಬಸ್ ನಿಲ್ದಾಣದ ಎದುರಿನದು ನೀಲಿ ಗಾಜಿನ ಗೋಡೆ. ಮೊದಲ ಸಂಜೆ ದೀಪ ಹತ್ತಿದಾಗ ಬೆಳಕು ರಸ್ತೆಯ ಮೇಲೆ ನೀರಿನಂತೆ ಹರಡಿ, ಬಸ್ಸಿಗೆ ಬಂದ ಹೆಂಗಸರು ನಿರಿಗೆ ಎತ್ತಿಕೊಂಡು ದಾಟಿದ್ದರು. ಮಲ್ಲಿನಾಥ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

ಉಸಿರಾಟದ ಕಾಯಿಲೆ ಹಿಡಿದ ಮೇಲೂ ವಾರಕ್ಕೊಮ್ಮೆ ಬಸ್ ಹತ್ತಿ ಅಲ್ಲಿಗೆ ಹೋಗುತ್ತಿದ್ದ. ಸುವರ್ಣಾ ಆ ದಾರಿ ತುಳಿದು ಎರಡು ವರ್ಷವಾಗಿತ್ತು.

"ಹೆಂಗೈತ್ರಿ ಗ್ವಾಡಿ?" ಎಂದು ಕೇಳಿದರೆ, "ಹರ್ಯಾಕತ್ತೈತಿ," ಎನ್ನುತ್ತಿದ್ದ.

*

ಟೆಂಪೋ ನಿಂತಿತು. ಗೋಡೆಯಿದ್ದಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿತ್ತು. ಸುವರ್ಣಾ ಇಳಿದು ಎರಡೂ ಕೈಯಿಂದ ಜಗ್ಗಿದಳು. ಹಗ್ಗ ಹರಿಯಿತು. ಹಿಂದೆ ಬರೀ ಕಬ್ಬಿಣದ ಚೌಕಟ್ಟು. ಅದರಾಚೆ ಕಸದ ರಾಶಿ.

ಅವಳು ಖಾಲಿ ಚೌಕಟ್ಟಿನೊಳಗೆ ಕೈ ಹಾಯಿಸಿದಳು. ರಾಮಲಿಂಗ ಬೇರೆ ಕಡೆ ನೋಡಿದ.

"ಯಾವಾಗ?" ಎಂದಳು ಸುವರ್ಣಾ.

"ವರ್ಷ ಆತ್ರಿ," ಎಂದ ಮಹಮ್ಮದ. "ಗಲಾಟ್ಯಾಗ ಕಲ್ಲ ಹೊಡದ್ರು. ನಿಮಗ ಹೇಳಬಾರದಂತ ಮಲ್ಲಣ್ಣ ನಮ್ಮ ಕಡಿಂದ ಆಣಿ ಮಾಡಿಸಿದ್ದ."

"ಮತ್ತ ವಾರಕ್ಕೊಮ್ಮೆ ಬಂದು ಏನ ಮಾಡತಿದ್ರು?"

ಮಹಮ್ಮದ ಚೌಕಟ್ಟಿನ ಕೆಳಮೂಲೆಯತ್ತ ಕೈ ತೋರಿಸಿದ.

ಅಲ್ಲಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ, ಕಿತ್ತು ಬಾರದೆ ಉಳಿದ ಚೂಪು ಗಾಜಿನ ತುದಿಗಳಿಗೆ ಒಂದೊಂದಕ್ಕೂ ಬಟ್ಟೆ ಸುತ್ತಿ ಗಂಟು ಹಾಕಿತ್ತು. ಕೆಲವು ಬಿಸಿಲಿಗೆ ಮಾಸಿದ್ದವು, ಒಂದು ಹೊಸದಿತ್ತು. ಎಲ್ಲವೂ ಅವಳದೇ ಹಳೆಯ ಇಳಕಲ್ ಸೀರೆಯ ತುಂಡುಗಳು.