ತಲೆ ಯಾವ ಕಡೆ

ಕುಂತ್ಕಳ್ರಿ ಅಕ್ಕಾ, ಅಂತ ಯಾರೋ ಕುರ್ಚಿ ಎಳೆದರು, ನೆಲ ಕಿರ್ರೆಂದಿತು, ದ್ಯಾಮಮ್ಮ ಕೂರಲಿಲ್ಲ, ಸೆರಗಿನೊಳಗೆ ಗಂಡನ ತಾಳಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು, ಒತ್ತಿ ಹಿಡಿದಳು — ಕೊಡಬೇಕೋ ಬೇಡವೋ, ಮನೆಯಿಂದ ಹಿರಿಯೂರಿನ ಈ ಮಠದವರೆಗೆ ನಡೆದು ಬಂದರೂ ತೀರ್ಮಾನವಾಗಿಲ್ಲ. ಕೊರೊನಾದಲ್ಲಿ ನಿಂತುಹೋದ ಭಜನಾ ಮಂಡಳಿ ಮತ್ತೆ ಶುರುವಂತೆ, ಗೋಡೆಗೆ ಹೊಸ ಸುಣ್ಣ, ಹೊಸ ಜಮಖಾನೆ, ಹಾರ್ಮೋನಿಯಂಗೂ ಹೊಸ ಗವಸು, ಮೇಜಿನ ಮೇಲೆ ಗಂಡ ಮುರುಗಪ್ಪನ ಫೋಟೊ, ಅದರಲ್ಲೂ ಅದೇ ನಗು. ಎಷ್ಟೊಂದು ಜನ, ಅಬ್ಬಾ, ಎಲ್ಲರೂ ಬದುಕಿಯೇ ಇದ್ದರಲ್ಲ. ಕಾರ್ಯದರ್ಶಿ ತಿಪ್ಪೇಶ್ ಮೈಕು ಹಿಡಿದಿದ್ದಾನೆ, ಇನ್ನು ಮುಂದೆ ಯಾವ ರೋಗವೇ ಬರಲಿ, ಸಾವಿನ ಮನೆಗೆ ಮಂಡಳಿ ಹೋಗೇ ಹೋಗುತ್ತದಂತೆ, ಅದೇ ಹೊಸ ಸಂಕಲ್ಪವಂತೆ, ಅದಕ್ಕೆ ಮುರುಗಪ್ಪನ ಹೆಸರಂತೆ — ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಹಾಗೆ, ಹಾಕಲಿ, ಚಿಲಕವನ್ನೂ ಹಾಕಲಿ. ಐಮಂಗಲ, ಯಲ್ಲದಕೆರೆ, ಎಲ್ಲಿ ಯಾರು ಸತ್ತರೂ ಉಣ್ಣುತ್ತಿದ್ದ ತಟ್ಟೆಯಲ್ಲೇ ಕೈತೊಳೆದು ಹೊರಡುತ್ತಿದ್ದ ಮುರುಗಪ್ಪ, ಮೈ ಸೆಟೆಯೋಕೆ ಮುಂಚೆ ಕುಂಡ್ರಿಸಬೇಕು ಕಣೆ, ಹೊತ್ತಾದ್ರೆ ಕಾಲು ಮಡಚಲ್ಲ, ಅನ್ನುತ್ತಲೇ ಚಪ್ಪಲಿ ಮೆಟ್ಟುತ್ತಿದ್ದ. ಅಲ್ಲಿ ಹೆಣದ ಮಂಡಿ ಮಡಚಿ, ಬೆನ್ನಿಗೆ ಹಲಗೆ ಕೊಟ್ಟು, ತಲೆ ವಾಲದಂತೆ ಬಟ್ಟೆ ಕಟ್ಟಿ, ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಆಮೇಲೆ ಬೆಳಗಾಗುವ ತನಕ ಭಜನೆ. ನಮ್ಮಲ್ಲಿ ಸತ್ತವರು ಮಲಗಿ ಹೋಗಬಾರದು, ಶಿವನ ಹತ್ತಿರ ಕೂತೇ ಹೋಗಬೇಕು. ತಿಪ್ಪೇಶನ ಅಪ್ಪನನ್ನು ಕೂರಿಸಿದವನೂ ಅವನೇ, ಅವತ್ತು ಕಾಲು ಹಿಡಿದು ಅತ್ತಿದ್ದ ತಿಪ್ಪೇಶ್, ನಿನ್ನ ಋಣ ತೀರ್ಸಕ್ಕಾಗಲ್ಲ ಅಣ್ಣಾ, ಅಂತ. ಸುಳ್ಳು ಹೇಳಿರಲಿಲ್ಲ, ತೀರಿಸಲಿಲ್ಲ.

ಮುರುಗಪ್ಪ ಹೋದನೆಂದು ಚಿತ್ರದುರ್ಗದ ಆಸ್ಪತ್ರೆಯಿಂದ ಸುದ್ದಿ ಬಂದ ಬೆಳಿಗ್ಗೆ ತಿಪ್ಪೇಶನ ಫೋನು ಬಡಿದುಕೊಂಡೇ ಇತ್ತು, ಕೊನೆಗೆ ಹೆಂಡತಿ ಉಷಾ ಎತ್ತಿ ಅವರಿಗೂ ಮೈ ಬಿಸಿ ಅಂದಳು, ಮಂಡಳಿಯ ಗೊಲ್ಲಪ್ಪ ತೋಟಕ್ಕೆ ಹೋಗಿದ್ದನಂತೆ, ಅದ್ಯಾವ ತೋಟವೋ, ಎದುರುಮನೆಯ ಕಿಟಕಿ ಕೂಡ ಮುಚ್ಚಿಕೊಂಡಿತು. ಬಂದವನು ಬಳೆ ಅಂಗಡಿಯ ಮುಝಫರ್, ಆ ಬಿಳಿ ಉಡುಪು ತೊಟ್ಟು ಆಗ ಯಾರ ಹೆಣವಾದರೂ ಮಣ್ಣು ಮಾಡುತ್ತಿದ್ದ. ನಿಮ್ಮಲ್ಲಿ ಹೆಂಗೆ ಮಾಡ್ತಾರೆ ಹೇಳ್ರಿ ಅಕ್ಕಾ, ಹಂಗೇ ಮಾಡ್ತೀನಿ. ಕುಂಡ್ರಿಸಪ್ಪಾ ಅಂದಳು, ವಿಭೂತಿ ಗಟ್ಟಿ ಕೊಟ್ಟಳು, ಅವನು ಆಂಬುಲೆನ್ಸಿನವರ ಹತ್ತಿರ ಎಷ್ಟೋ ಹೊತ್ತು ಮಾತಾಡಿ ತಲೆ ತಗ್ಗಿಸಿಕೊಂಡು ಬಂದ, ಸುತ್ತಿರೋ ಕರಿ ಚೀಲ ಬಿಚ್ಚಂಗಿಲ್ಲ ಅಂತಾರೆ ಅಕ್ಕಾ, ಕಾಲೂ ಮಡಚಲ್ಲ. ಮಲಗಿಸಿದರು, ಉದ್ದಕ್ಕೆ, ಊರನ್ನೆಲ್ಲ ಕೂರಿಸಿದವನನ್ನು. ಅವಳು ಸ್ಮಶಾನದಲ್ಲಿ ಕಟ್ಟಿದ್ದ ಹಗ್ಗದ ಈಚೆ, ಅವರೆಲ್ಲ ಆಚೆ, ಗುಂಡಿಯ ಹತ್ತಿರ. ತಲೆ ಯಾವ ಕಡೆ ಅಂತ ಮುಝಫರ್ ಡ್ರೈವರನ್ನು ಕೇಳಿದ, ಅವನು ಬೀಡಿಯ ಕೈಯಲ್ಲೇ ಎತ್ತಲೋ ತೋರಿಸಿದ, ಮುಝಫರ್ ಮಂಡಿಯೂರಿ ಮೂರು ಬೆರಳಲ್ಲಿ, ಎಷ್ಟು ನಿಧಾನವಾಗಿ, ಎಷ್ಟು ಭಕ್ತಿಯಿಂದ, ಚೀಲದ ಮೇಲೆ ವಿಭೂತಿ ಎಳೆದ — ಆ ಕಡೆ ಅಲ್ಲಪ್ಪಾ, ಅದು ಕಾಲು, ಹೆಬ್ಬೆರಳು ಎದ್ದು ಕಾಣ್ತಾವೆ ನೋಡು — ಕೂಗಿದಳು, ಕೂಗು ಮಾಸ್ಕಿನೊಳಗೇ ಉಳಿಯಿತು, ಮಣ್ಣು ಬಿತ್ತು. ಅವನ ತಪ್ಪಲ್ಲ, ಅವನಿಗೇನು ಗೊತ್ತು, ಗೊತ್ತಿದ್ದವರು ಒಬ್ಬರಾದರೂ ಬಂದಿದ್ದರೆ. ಇವತ್ತು ಮುಝಫರನನ್ನು ಕರೆದಿಲ್ಲ, ಮಠದ ಕಾರ್ಯ ಅಲ್ವೇನಕ್ಕಾ ಅಂದಳು ಉಷಾ, ಮೆಲ್ಲಗೆ.

ತಿಪ್ಪೇಶ್ ಈಗ ಫೋಟೊದ ಮುಂದೆ ಬಗ್ಗಿದ್ದಾನೆ, ಗಾಜಿನ ಮೇಲೆ ವಿಭೂತಿ ಎಳೆಯುತ್ತಿದ್ದಾನೆ, ಹಣೆಗೆ ಸರಿಯಾಗಿ, ಎಷ್ಟು ಚೊಕ್ಕ, ಫೋಟೊದಿಂದ ರೋಗ ಅಂಟುವುದಿಲ್ಲವಲ್ಲ, ಎಲ್ಲರೂ ಕೈ ಮುಗಿದರು, ಅವನು ಕೈ ಚಾಚಿದ, ತಾಳ ಕೊಡ್ರಿ ಅಕ್ಕಾ, ಇವತ್ತಿನ ಮೊದಲ ಭಜನೆ ಅಣ್ಣನ ತಾಳದಲ್ಲೇ ಆಗ್ಲಿ, ನೀವು ನಿಂತೇ ಇದೀರಲ್ಲ, ಕುಂತ್ಕಳ್ರಿ. ಅವರನ್ನ ಕುಂಡ್ರಿಸ್ಲಿಲ್ಲ, ನನ್ನ ಯಾಕೆ ಕುಂಡ್ರಿಸ್ತೀಯ ತಿಪ್ಪೇಶ? ಅಂದಳೋ, ಅಂದುಕೊಂಡಳೋ — ಅಂದೇಬಿಟ್ಟಿರಬೇಕು, ಅವನ ಕೈ ಅಲ್ಲೇ ನಿಂತಿದೆ, ಬೆರಳ ತುದಿಗಳು ಬೆಳ್ಳಗಿವೆ, ಮೂರು ಬೆರಳು, ತಾಳ ಅವಳ ಅಂಗೈಯೊಳಗೆ ಒತ್ತುತ್ತಿದೆ, ಕೊಡುವುದಿಲ್ಲ, ಕಣ್ಣೆದುರು ಆ ಕರಿ ಚೀಲ, ಎದ್ದ ಎರಡು ಹೆಬ್ಬೆರಳು, ಅವುಗಳ ಮೇಲೆ ಮೂರು ಬಿಳಿ ಗೆರೆ.