ಪಟ್ಟಿಯಲ್ಲಿ ಆರು, ಪೆಟ್ಟಿಗೆಯಲ್ಲಿ ಐದು

ಶಾಲೆಯ ತಪಾಸಣೆಗೆ ಎಂಟು ದಿನ ಉಳಿದಿದ್ದಾಗ ಹೆಡ್ ಮಾಸ್ತರ ವಿರುಪಣ್ಣನವರು ವಿಜ್ಞಾನದ ಪೆಟ್ಟಿಗೆಯ ಕೀಲಿಕೈಯನ್ನು ನನ್ನ ಮುಂದಿಟ್ಟರು.

"ಅಕ್ಕೋರ, ಪಟ್ಟಿ ಇಂಗ್ಲಿಷಿನ್ಯಾಗ ಐತಿ. ನೀವು ಬಿ.ಎಸ್ಸಿ. ಓದಿದವರು. ಒಂದೊಂದ ಸಾಮಾನು ನೋಡಿ ಗುರುತು ಹಾಕ್ರಿ, ಇದ್ದಂಗ ವಾಪಸ್ ಇಡ್ರಿ. ಹುಡುಗರ ಕೈಯಾಗ ಮಾತ್ರ ಕೊಡಬ್ಯಾಡ್ರಿ."

ಆ ಹಸಿರು ತಗಡಿನ ಪೆಟ್ಟಿಗೆ ಕುಷ್ಟಗಿಯಿಂದ ಚಕ್ಕಡಿಯಲ್ಲಿ ನಮ್ಮ ಶಾಲೆಗೆ ಬಂದು ಆರು ವರ್ಷವಾಗಿತ್ತು. ಮಹಾನವಮಿಗೆ ಅದಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆಯುತ್ತಿದ್ದರು. ತಪಾಸಣೆಯ ದಿನ ತೆರೆದು ಎಣಿಸಿ ಮುಚ್ಚುತ್ತಿದ್ದರು. ಅಷ್ಟೆ. ಮಾಸ್ತರರು ಸೋಮಾರಿಯಲ್ಲ. ಸರಕಾರ ಕೊಟ್ಟದ್ದನ್ನು ಮುರಿಯದೆ ಮುಂದಿನವರಿಗೆ ಒಪ್ಪಿಸಬೇಕೆಂದು ನಂಬಿದವರು, ಮತ್ತು ಅವರ ನಿವೃತ್ತಿಗೆ ಆರೇ ತಿಂಗಳಿತ್ತು.

ನನಗಿದ್ದದ್ದು ಬೇರೆ ಚಿಂತೆ. ಹಿಂದಿನ ಮಾರ್ಚಿನಲ್ಲಿ, ಎಪ್ಪತ್ತೊಂಬತ್ತರಲ್ಲಿ, ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಕುಳಿತ ಹನ್ನೊಂದು ಮಕ್ಕಳಲ್ಲಿ ಪಾಸಾದವರು ಇಬ್ಬರು. ಉಳಿದ ಒಂಬತ್ತು ಮಕ್ಕಳೂ ವಿಜ್ಞಾನದಲ್ಲಿ ನಪಾಸು. ಈ ತಪಾಸಣೆಯಲ್ಲಿಯೂ ಸುಧಾರಣೆ ಕಾಣದಿದ್ದರೆ ಏಳನೆಯ ತರಗತಿಯನ್ನು ಮುಚ್ಚಿ ಮಕ್ಕಳನ್ನು ಆರು ಮೈಲಿ ಆಚೆಯ ಶಾಲೆಗೆ ಸೇರಿಸುವುದಾಗಿ ಕಾಗದ ಬಂದಿತ್ತು. ಈ ವರ್ಷದ ಹನ್ನೆರಡು ಮಕ್ಕಳಲ್ಲಿ ಐವರು ಹುಡುಗಿಯರು. ಅವರಲ್ಲಿ ಬಾಷಾಬಿ ಒಬ್ಬಳು. ಅವಳ ತಂದೆ, ಗಾದಿ ಹೊಲಿಯುವ ಮಕ್ಬುಲಸಾಬ, ಶಾಲೆಯ ಬಾಗಿಲಿಗೇ ಬಂದು ಹೇಳಿ ಹೋಗಿದ್ದ.

"ಸಾಲಿ ಊರಾಗ ಇರೂತನ ಬರ್ತಾಳ್ರಿ ಅಕ್ಕೋರ. ಆರ ಮೈಲಿ ಅಂದ್ರ ಅಕಿ ಅವ್ವ ಒಪ್ಪಂಗಿಲ್ಲ. ಖರೇ ಹೇಳಬೇಕಂದ್ರ ನಾನೂ ಒಪ್ಪಂಗಿಲ್ರಿ."

ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ತಾತ್ಕಾಲಿಕ ನೇಮಕ. ಹೇಳಿದಷ್ಟನ್ನೇ ಮಾಡಿ ಮುಗಿಸೋಣವೆಂದು ಪೆಟ್ಟಿಗೆ ತೆರೆದೆ. ಒಣಹುಲ್ಲಿನ ನಡುವಿನಿಂದ ಒಂದೊಂದೇ ವಸ್ತು ಹೊರಬಂತು. ಕಿಟಕಿಯ ಸರಳುಗಳ ನಡುವೆ ಹನ್ನೆರಡು ಮುಖಗಳು.

"ಅಕ್ಕೋರ, ಇದು ದೇವರ ಪೆಟಿಗಿ ಅಲ್ಲೇನ್ರಿ?" ಎಂದ ಕನಕಪ್ಪ. "ಒಳಗ ಮೂರ್ತಿನ ಇಲ್ಲಲ್ರಿ."

"ನಿನ್ನ ಮಾರಿ ಇಡೂಣು, ಕುಂದ್ರು ಒಳಗ," ಎಂದಳು ಬಾಷಾಬಿ.

ನನಗೆ ನಗು ಬಂತು. ಕೈಯಲ್ಲಿದ್ದ ಭೂತಗನ್ನಡಿಯನ್ನು ಸರಳುಗಳ ನಡುವಿನಿಂದ ಅವಳಿಗೆ ಕೊಟ್ಟುಬಿಟ್ಟೆ. ಅವಳು ಗೋಡೆಯ ಮೇಲಿನ ಇರುವೆಗೆ ಅದನ್ನು ಹಿಡಿದು, ಉಸಿರು ಬಿಗಿಹಿಡಿದು ನೋಡಿದಳು.

"ಇದರ ಮೈ ತುಂಬ ಕೂದಲ ಅದಾವ್ರಿ, ಅಕ್ಕೋರ."

ಆ ಮೇಲೆ ಅದನ್ನು ಹಿಂದಕ್ಕೆ ಕೇಳುವ ಮನಸ್ಸು ನನಗಾಗಲಿಲ್ಲ. ಏಳು ದಿನ ನಮ್ಮ ತರಗತಿ ಅಂಗಳದ ಬೇವಿನ ಕೆಳಗೆ ನಡೆಯಿತು. ಮಕ್ಕಳು ಊಟಕ್ಕೆ ಹೋದವರು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬರುತ್ತಿದ್ದರು. ಎರಡನೆಯ ದಿನ ಮಾಸ್ತರರು ನೋಡಿದರು. "ಒಡದ್ರ ನನ್ನ ತಲಿಗೆ ಬರ್ತೈತಿ," ಎಂದರು. ನಾನು ಪೆಟ್ಟಿಗೆ ಮುಚ್ಚಲು ಎದ್ದೆ. ಆದರೆ ಅವರು ಹೋಗಲಿಲ್ಲ. ಸೂಜಿಗಳು ಅಯಸ್ಕಾಂತಕ್ಕೆ ಹಾರಿ ಅಂಟುವುದನ್ನು ನೋಡುತ್ತ ಗಂಟೆ ಬಾರಿಸುವುದನ್ನು ಮರೆತರು.

ಏಳನೆಯ ದಿನ ಒಂದು ಪ್ರನಾಳ, ಅಂದರೆ ಟೆಸ್ಟ್ ಟ್ಯೂಬು, ಒಡೆಯಿತು. ಪೆಟ್ಟಿಗೆಯಲ್ಲಿ ದೀಪವಿತ್ತು, ಅದಕ್ಕೆ ಬೇಕಾದ ಸ್ಪಿರಿಟ್ ಇರಲಿಲ್ಲ. ಚಿಮಣಿ ಎಣ್ಣೆ ಹಾಕಿ ಉರಿಸಿದೆವು. ನೀರು ಕುದಿಸಿದ ಗಾಜಿನ ಪ್ರನಾಳ ಮಸಿಯಿಂದ ಕಪ್ಪಾಯಿತು. ಮಾಸ್ತರರು ಕಂಡಾರೆಂಬ ಅವಸರದಲ್ಲಿ ಬಾಷಾಬಿ ಮಸಿ ತೊಳೆಯಲೆಂದು ಬಿಸಿ ಪ್ರನಾಳವನ್ನು ಹಾಗೆಯೇ ಹರವಿಯ ತಣ್ಣೀರಿನಲ್ಲಿ ಅದ್ದಿದಳು. ಟಕ್ ಎಂದು ಸದ್ದಾಯಿತು. ಬುಡ ನೀರಿನೊಳಗೆ ಉಳಿಯಿತು. ನಾನೇ ಹೋಗಿ ಮಾಸ್ತರರಿಗೆ ಹೇಳಿದೆ. ಅವರು ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಮರುದಿನ ಹತ್ತು ಗಂಟೆಗೆ ಜೀಪು ಬಂತು. ಇನ್‌ಸ್ಪೆಕ್ಟರ್ ಸಾಹೇಬರು ನೇರವಾಗಿ ಪೆಟ್ಟಿಗೆಯ ಮುಂದೆ ಕುಳಿತು ತಾವೇ ಎಣಿಸತೊಡಗಿದರು.

"ಪ್ರನಾಳ ಪಟ್ಟಿಯಾಗ ಆರು. ಇಲ್ಲಿ ಐದ ಅದಾವಲ್ರಿ, ವಿರುಪಣ್ಣ."

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಬಾಷಾಬಿ ಎದ್ದು ನಿಂತಳು.

"ನಾ ಒಡದೇನ್ರಿ, ಸಾಹೇಬ್ರ. ಬಿಸಿ ಇದ್ದದ್ದ ತಣ್ಣೀರಾಗ ಅದ್ದಿದೆ."

ಸಾಹೇಬರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ತಣ್ಣೀರಾಗ ಅದ್ದಿದ್ರ ಯಾಕ ಒಡೀಬೇಕು?"

ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಲ್ಲಿದ್ದದ್ದು ಕಾಯಿಸಿದರೆ ಹಿಗ್ಗಿ ಬಳೆಯೊಳಗೆ ತೂರದ ಕಬ್ಬಿಣದ ಗುಂಡಿನ ಪಾಠ ಮಾತ್ರ. ನಾನು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡೆ. ಬಾಷಾಬಿ ಗೋಡೆ ನೋಡಿದಳು, ತನ್ನ ಬೆರಳುಗಳನ್ನು ನೋಡಿದಳು.

"ಹೊರಗಿನ ಗಾಜು ಲಗೂನ ತಣ್ಣಗಾಗಿ ಕುಗ್ಗಿತ್ರಿ. ಒಳಗಿಂದು ಇನ್ನಾ ಬಿಸಿ, ಹಿಗ್ಗೇ ಇತ್ತು. ಎರಡೂ ಜಗ್ಯಾಡಿದ್ವು, ಸೀಳಿತು." ತಡೆದು ಮತ್ತೆ ಹೇಳಿದಳು, "ಹತ್ತಿಸಿದ ಕಂದೀಲದ ಗಾಜಿನ ಮ್ಯಾಲ ಮಳಿ ಹನಿ ಬಿದ್ರ ಒಡೀತೈತಲ್ರಿ, ಹಂಗ."

"ಯಾರು ಬಾಯಿಪಾಠ ಮಾಡಿಸ್ಯಾರ?"

"ಯಾರೂ ಇಲ್ರಿ. ರಾತ್ರಿ ಹಾಸಗ್ಯಾಗ ಅಳಕೋತ ವಿಚಾರ ಮಾಡಿದೆ."

ಕನಕಪ್ಪನಿಗೆ ಸುಮ್ಮನಿರಲಾಗಲಿಲ್ಲ. "ಬೇಕಂದ್ರ ಇನ್ನೊಂದ ಒಡದ ತೋರಿಸ್ತೀವ್ರಿ, ಸಾಹೇಬ್ರ."

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ನಕ್ಕರು, ಹೊಟ್ಟೆ ಕುಲುಕುವ ಹಾಗೆ. ಆ ಮೇಲೆ ಶುರುವಾದದ್ದು ಊಟದ ಹೊತ್ತು ದಾಟಿದರೂ ಮುಗಿಯಲಿಲ್ಲ. ಅವರು ಒಂದು ಕೇಳಿದರೆ ನಾಲ್ಕು ಕೈ ಮೇಲೇಳುತ್ತಿದ್ದವು. ಕೆಲವು ಉತ್ತರ ತಪ್ಪಿದವು. ತಪ್ಪಿದಾಗ ಮಕ್ಕಳು ತಮ್ಮತಮ್ಮಲ್ಲೇ ಜಗಳವಾಡಿ, ಪೆಟ್ಟಿಗೆಯಿಂದ ಬೇಕಾದ್ದನ್ನು ಎತ್ತಿಕೊಂಡು ಸಾಹೇಬರ ಮೊಣಕಾಲಿನವರೆಗೂ ಬಂದು ತೋರಿಸಿದರು. ಅವರ ಬಿಳಿ ಪ್ಯಾಂಟಿಗೆ ಮಸಿ ಹತ್ತಿತು. ನಾನು ಉತ್ತರ ಎಣಿಸುತ್ತಿದ್ದವಳು ಎಲ್ಲೋ ನಡುವೆ ಎಣಿಕೆ ಬಿಟ್ಟೆ.

ಕೊನೆಗೆ ಅವರು ಭೇಟಿ ಪುಸ್ತಕ ತರಿಸಿ ಪೆನ್ನು ತೆಗೆದರು. ಮಕ್ಕಳೆಲ್ಲ ಮೇಜಿನ ಸುತ್ತ. ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದರು: "ಒಡೆದ ಪ್ರನಾಳವನ್ನು ಪಾಠಕ್ಕೆ ಬಳಸಿದ್ದೆಂದು ಬರೆದುಕೊಳ್ಳುವುದು. ಏಳನೆಯ ತರಗತಿ ಇಲ್ಲಿಯೇ ಮುಂದುವರಿಯಲಿ. ಮಾರ್ಚಿನ ಪರೀಕ್ಷೆಯಲ್ಲಿ ಕನಿಷ್ಠ ಆರು ಮಕ್ಕಳು ಪಾಸಾಗಬೇಕು."

ಮಾಸ್ತರರು ಕುರ್ಚಿಯ ಬೆನ್ನು ಹಿಡಿದು ನಿಂತರು. ನನ್ನ ಕಣ್ಣಿಗೆ ಪುಟ ಮಂಜಾಯಿತು. ಬಾಷಾಬಿ ಮಾತ್ರ ಮೇಜಿನ ಮೇಲೆ ಬಾಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು.

"ಆರ ಮಂದಿ ಯಾಕ್ರಿ, ಸಾಹೇಬ್ರ? ನಾವು ಹನ್ನೆರಡ ಮಂದಿ ಅದೀವಲ್ರಿ."

ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಎಚ್ಚರಿಕೆಯ ಮಾತೊಂದನ್ನು ಹುಡುಕಿದೆ. ಸಿಗಲಿಲ್ಲ.

"ಹೌದ್ರಿ ಸರ್," ಎಂದೆ. "ಹನ್ನೆರಡು ಅಂತ ಬರೀರಿ."